ಮಘೆಯ ಹತ್ತಿ

ಚಂಚಲಬಾ ಅವರ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಾಗ, ಆ ಮನೆಯ ನೆಲದಡಿಯಲ್ಲಿ ಒಂದು ವರ್ಷಕ್ಕಾಗುವಷ್ಟು ಮಳೆನೀರಿದೆ ಎಂದು ವೈದೇಹಿಗೆ ಯಾರೂ ಹೇಳಿರಲಿಲ್ಲ. ಅಹಮದಾಬಾದಿನ ಹಳೇ ಊರಿನಲ್ಲಿ ಒಂದೇ ಹೆಬ್ಬಾಗಿಲಿನ ಓಣಿಗಳಿಗೆ ಪೋಳ್ ಎನ್ನುತ್ತಾರೆ. ಅಂಥ ಒಂದು ಪೋಳಿನ ಕೊನೆಯ ಮನೆ ಅದು. ಅವಳ ಗಂಡ ಪಟ್ಟಾಭಿರಾಮನಿಗೆ ನದಿಯಾಚೆಯ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ. ಕ್ವಾರ್ಟರ್ಸ್ ಸಿಗುವವರೆಗೆ ಇಲ್ಲಿರೋಣ ಎಂದು ಬಂದ ಗಂಡ ಹೆಂಡತಿ, ಕ್ವಾರ್ಟರ್ಸಿನ ಮಾತನ್ನೇ ಮರೆತು ಕುಳಿತಿದ್ದರು.

ಮೊದಲ ಬೇಸಗೆಯಲ್ಲಿ ಒಂದು ಬೆಳಿಗ್ಗೆ, ಚಂಚಲಬಾ ಅಂಗಳದ ಮಧ್ಯದ ಟಾಂಕಾದ, ಅಂದರೆ ನೆಲದಡಿಯ ನೀರಿನ ತೊಟ್ಟಿಯ, ಹಿತ್ತಾಳೆ ಮುಚ್ಚಳವನ್ನು ಸರಿಸಿ, ತಂಬಿಗೆಗೆ ಹಗ್ಗ ಕಟ್ಟಿ ಕೆಳಗೆ ಬಿಡುವುದನ್ನು ವೈದೇಹಿ ಮೆಟ್ಟಿಲ ಮೇಲಿನಿಂದ ಕಂಡಳು. ಮೇಲೆ ಬಂದ ನೀರನ್ನು ಅವರು ಅವಳ ಅಂಗೈಗೂ ಒಂದಿಷ್ಟು ಹಾಕಿದರು. ನಲ್ಲಿಯ ನೀರಿನ ಉಪ್ಪು ಅದಕ್ಕಿರಲಿಲ್ಲ. ಬಾಯಿಗೆ ಹಾಕಿಕೊಂಡರೆ ಹಗುರಾಗಿ, ಏನೂ ಇಲ್ಲದ ಹಾಗೆ ಇಳಿಯಿತು.

"ಮಘಾದ ನೀರು," ಎಂದರು ಚಂಚಲಬಾ. "ಮುಂಚೆ ಬಂದ ಮಳೆಯನ್ನೆಲ್ಲ ಬೀದಿಗೆ ಬಿಡ್ತೀವಿ. ಮಘಾ ನಕ್ಷತ್ರ ಕೂತ ಮೇಲೆಯೇ ಟಾಂಕಾದ ಬಾಯಿ ಬಿಚ್ಚೋದು. ಮುಂದಿನ ಮಘಾದವರೆಗೂ ಕೆಡೋದಿಲ್ಲ."

"ನಮ್ಮಲ್ಲೂ ಮಘೆ ಮಳೆ ಅಂತಾರೆ ಬಾ," ಎಂದಳು ವೈದೇಹಿ, ಆಗಿನ್ನೂ ತೊದಲುತ್ತಿದ್ದ ಗುಜರಾತಿಯಲ್ಲಿ. ಅಮ್ಮ ಎನ್ನುವುದಕ್ಕೆ ಆ ಭಾಷೆಯಲ್ಲಿ ಬಾ. ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷ, ಮಘೆ, ಹುಬ್ಬೆ ಎಂದು ಒಂದೊಂದೇ ಮಳೆಯ ಹೆಸರು ಹೇಳುತ್ತ ಹೋದಳು. ಅವಳ ಅಜ್ಜಿ ಹಾಗೆಯೇ ಬೆರಳು ಮಡಿಸುತ್ತ ಹೇಳುತ್ತಿದ್ದರು.

ಚಂಚಲಬಾ ಬಾಯಿಯ ಮೇಲೆ ಸೆರಗು ಇಟ್ಟುಕೊಂಡರು. "ಹಾಯ್ ಹಾಯ್! ಮದ್ರಾಸಿನವರಿಗೂ ನಕ್ಷತ್ರ ಗೊತ್ತೇನು?"

"ನಾವು ಮದ್ರಾಸಿನವರಲ್ಲ ಬಾ, ಮೈಸೂರಿನವರು."

"ಎರಡೂ ಒಂದೇ. ಇಡ್ಲಿ ತಿನ್ನೋ ಜನ."

ಆ ದಿನದಿಂದ ಅವಳು ಆ ಮನೆಯಲ್ಲಿ ಬಾಡಿಗೆಯವಳಾಗಿ ಉಳಿಯಲಿಲ್ಲ. ಚಂಚಲಬಾ ಅವಳನ್ನು ದೀಕರೀ ಎಂದು ಕರೆಯತೊಡಗಿದರು, ಮಗಳೇ ಎನ್ನುವ ಹಾಗೆ.

ಆದರೂ ಆ ಊರಿನಲ್ಲಿ ವೈದೇಹಿಗೆ ತನ್ನವರು ಎನ್ನಿಸುತ್ತಿದ್ದದ್ದು ಗಿರಿಜಕ್ಕ ಒಬ್ಬಳೇ. ಗಿರಿಜಾ ಧಾರವಾಡದವಳು. ಬರೋಡಾದಲ್ಲಿ ಓದಿ, ಫತೇಗಂಜಿನ ಹಾಸ್ಟೆಲಿನಲ್ಲಿ ವರ್ಷಗಟ್ಟಲೆ ಇದ್ದು, ಈಗ ಅಹಮದಾಬಾದಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದಳು. ಮದುವೆಯಾಗಿರಲಿಲ್ಲ. ನಲವತ್ತು ದಾಟಿತ್ತು. ಸಂಜೆ ಹೊತ್ತು ಜನರಿಗೆ, ಮಕ್ಕಳಿಗೆ ವಿಜ್ಞಾನ ಹೇಳುವ ಒಂದು ಮಂಡಳಿಯನ್ನು ಎರಡು ಬಾಡಿಗೆ ಕೋಣೆಗಳಲ್ಲಿ ನಡೆಸುತ್ತಿದ್ದಳು. ಭಾನುವಾರ ಊಟಕ್ಕೆ ಬಂದಾಗ ಅವಳು ಗುಜರಾತಿನವರ ಸಜ್ಜೆಯ ರೊಟ್ಲಾವನ್ನು ಬೈಯುತ್ತ, ವೈದೇಹಿಯ ಸಾರನ್ನು ಲೋಟದಲ್ಲಿ ಕುಡಿಯುತ್ತಿದ್ದಳು.

"ಎಮ್ಮೆಸ್ಸಿ ಕೆಮಿಸ್ಟ್ರಿ ಮಾಡಿ ಹಪ್ಪಳ ಕಾಯಕೋತ ಕೂತೀಯಲ್ಲೇ ಹುಚ್ಚಿ," ಎಂದು ಒಂದು ಭಾನುವಾರ ಅವಳೇ ಅಂದದ್ದು. "ಮಂಡಳಿಗೆ ಬಾ. ನನಗ ಗಂಡಸರು ಭಾಳ ಮಂದಿ ಸಿಗ್ತಾರ, ಎಲ್ಲಾರೂ ಭಾಷಣ ಮಾಡೋರ. ಅಡಿಗಿಮನಿಯೊಳಗ ಹೊಕ್ಕು ಮಾತಾಡೋರು ಬೇಕು."

ವೈದೇಹಿಗೆ ತನ್ನ ಓದಿನ ನೆನಪೇ ಒಂದು ಬಗೆಯ ನಾಚಿಕೆಯಾಗಿತ್ತು. ಮದುವೆಯಲ್ಲಿ ಕೊಟ್ಟ ಬೆಳ್ಳಿ ಸಾಮಾನಿನ ಹಾಗೆ ಅದೂ ಪೆಟ್ಟಿಗೆಯ ತಳದಲ್ಲಿತ್ತು. ಅದನ್ನು ಹೊರಗೆ ತೆಗೆದು ಬಿಸಿಲಿಗೆ ಹಿಡಿದವಳು ಗಿರಿಜಕ್ಕ. ಹೆಂಗಸರ ಮುಂದೆ ಹೇಗೆ ನಿಲ್ಲಬೇಕು, ಎಷ್ಟು ಹೊತ್ತಿಗೆ ನಿಲ್ಲಿಸಬೇಕು, ಅವರ ಕೈಯಿಂದಲೇ ಹೇಗೆ ಮಾಡಿಸಬೇಕು ಎಂಬುದನ್ನೆಲ್ಲ ಅವಳೇ ಕಲಿಸಿದಳು. ತನ್ನ ಅಕ್ಕಂದಿರ ಹತ್ತಿರವೂ ಹೇಳದ ಮಾತುಗಳನ್ನು ವೈದೇಹಿ ಅವಳ ಹತ್ತಿರ ಹೇಳುತ್ತಿದ್ದಳು.

ಆ ಪೋಳಿನ ದಕ್ಷಿಣಕ್ಕೆ, ಕೋಟೆಯ ಹಳೆಯ ದರವಾಜೆಯ ಆಚೆ, ಒಂದು ಬಟ್ಟೆಯ ಮಿಲ್ಲಿತ್ತು. ಅದರ ಚಿಮಣಿಯ ಮಸಿ ಎಲ್ಲರ ತಾರಸಿಯ ಮೇಲೂ ಬೀಳುತ್ತಿತ್ತು. ಒಣಹಾಕಿದ ಹಪ್ಪಳದ ಮೇಲೆ ಹಳೇ ಸೀರೆ ಹೊದಿಸುವುದು ಅಲ್ಲಿನ ಹೆಂಗಸರಿಗೆ ಅಭ್ಯಾಸವಾಗಿಹೋಗಿತ್ತು. ಮಳೆ ಬಂದರೆ ಅದೇ ತಾರಸಿಯ ನೀರು ತಾಮ್ರದ ಕೊಳವೆಯಲ್ಲಿ ಇಳಿದು ಟಾಂಕಾ ಸೇರುತ್ತದೆ. ಆ ವರ್ಷ ಊರಿನಲ್ಲಿ ಹೊಗೆಯ ಬಗ್ಗೆ ಒಂದು ಸಮಿತಿ ಮಾಡಿದ್ದರು. ಮಿಲ್ಲಿನವರು ಚಿಮಣಿ ಎತ್ತರಿಸಬೇಕೇ, ಮಸಿ ಹಿಡಿಯುವ ಯಂತ್ರ ಕೂರಿಸಬೇಕೇ ಎಂದು ಅದು ಹೇಳಬೇಕಾಗಿತ್ತು. ಚಳಿಗಾಲಕ್ಕೆ ಮಂಡಳಿ ಒಂದು ಪ್ರದರ್ಶನ ಮಾಡುತ್ತದೆ, ಸಮಿತಿಯವರು ನೋಡಲು ಬರುತ್ತಾರೆ, ಅದರಲ್ಲಿ ನಿನ್ನದೊಂದು ಇರಬೇಕು ಎಂದಳು ಗಿರಿಜಕ್ಕ.

ನೀರನ್ನು ಸೋಸದೆ ಕೊಡಕ್ಕೆ ಹಾಕುವ ಹೆಂಗಸು ಆ ಪೋಳಿನಲ್ಲಿ ಒಬ್ಬಳೂ ಇರಲಿಲ್ಲ. ಸೋಸುವ ಬಟ್ಟೆ ಪ್ರತಿ ಮನೆಯಲ್ಲೂ ನೀರಿನ ಕೊಡದ ಕತ್ತಿಗೇ ಕಟ್ಟಿರುತ್ತಿತ್ತು. ವೈದೇಹಿ ಅದನ್ನೇ ಹಿಡಿದಳು. ಮನೆಮನೆಗೂ ಒಂದೇ ತೂಕದ, ಒಂದೇ ಅಳತೆಯ ಹತ್ತಿಯ ಬಿಲ್ಲೆಗಳನ್ನು ಕೊಟ್ಟಳು. ಮಳೆ ಬಂದಾಗ ತಾರಸಿಯ ಕೊಳವೆಯ ಕೆಳಗೆ ಸೋಸುವ ಬಟ್ಟೆ ಹಿಡಿದು, ಅದರೊಳಗೆ ಬಿಲ್ಲೆ ಇಟ್ಟು, ಒಂದು ಕೊಡ ನೀರು ಅದರಲ್ಲಿ ಹಾಯಿಸಿ, ನೆರಳಲ್ಲಿ ಒಣಗಿಸಬೇಕು. ಒಂದೊಂದು ನಕ್ಷತ್ರದ ಮಳೆಗೆ ಒಂದೊಂದು ಬಿಲ್ಲೆ. ತಾರೀಖು ಬರೆದುಕೊಳ್ಳಿ ಎಂದಿದ್ದರೆ ಅರ್ಧ ಜನ ಕೈಬಿಡುತ್ತಿದ್ದರು. ನಕ್ಷತ್ರವನ್ನು ಯಾರೂ ಮರೆಯಲಿಲ್ಲ.

ಆರಿದ್ರೆಯ ಹತ್ತಿ ಕಪ್ಪಾಯಿತು. ಅದು ತಾರಸಿಯ ಬೇಸಗೆಯ ಧೂಳು ಎಂದು ವೈದೇಹಿ ಲೆಕ್ಕಕ್ಕೆ ಹಿಡಿಯಲಿಲ್ಲ. ಪುನರ್ವಸು ಹೊತ್ತಿಗೆ ಎಲ್ಲರೂ ತಾರಸಿ ಉಜ್ಜಿ ತೊಳೆದಿದ್ದರು. ಆದರೂ ಕಪ್ಪು. ಪುಷ್ಯ, ಆಶ್ಲೇಷ, ಎಲ್ಲ ಕಪ್ಪು, ಬೆರಳಿಗೆ ಹತ್ತುವ ಜಿಡ್ಡಿನ ಕಪ್ಪು. ಮಘೆ ಬಂತು. ಮಘೆಯ ಹತ್ತಿ ಬೆಳ್ಳಗಿತ್ತು.

ಪೋಳಿನಲ್ಲಿ ಹಬ್ಬವಾಯಿತು. ಹೆಂಗಸರು ಬಿಲ್ಲೆಗಳನ್ನು ಅಂಗೈಯಲ್ಲಿಟ್ಟುಕೊಂಡು ಮನೆಯಿಂದ ಮನೆಗೆ ಓಡಿದರು. "ನೋಡಿದೆಯಾ ದೀಕರೀ," ಎಂದರು ಚಂಚಲಬಾ, "ನಿನ್ನ ಕಾಲೇಜಿಗಿಂತ ಮುಂಚೆ ನಮ್ಮ ಅಜ್ಜಿಗೆ ಗೊತ್ತಿತ್ತು."

ವೈದೇಹಿಗೆ ಎರಡು ದಿನ ಏನೂ ಹೊಳೆಯಲಿಲ್ಲ. ತಾನು ಎಲ್ಲಿ ತಪ್ಪಿದೆ ಎಂದು ತಾರಸಿಯ ಮೇಲೆ ನಿಂತು ಯೋಚಿಸುತ್ತಿದ್ದಾಗ, ಒಗೆದ ಪಂಚೆ ಒಣಹಾಕಲು ಬಂದ ಪಟ್ಟಾಭಿರಾಮ, "ಏನೇ, ಈ ವಾರ ಪಂಚೆ ಎಷ್ಟು ಬೆಳ್ಳಗಿದೆ ನೋಡು. ಸೋಪು ಬದಲಾಯಿಸಿದ್ಯಾ?" ಎಂದ. ಅವಳು ದಕ್ಷಿಣಕ್ಕೆ ನೋಡಿದಳು. ಚಿಮಣಿಯಲ್ಲಿ ಹೊಗೆಯಿರಲಿಲ್ಲ.

ಕೆಳಗೆ ಓಡಿ ಚಂಚಲಬಾ ಅವರನ್ನು ಕೇಳಿದಳು. ಅವರ ಮಗ ಅದೇ ಮಿಲ್ಲಿನ ನೂಲುವ ಖಾತೆಯಲ್ಲಿದ್ದ. "ಹೌದಲ್ಲ, ಬಾಯ್ಲರ್ ರಿಪೇರಿ. ಮಘಾ ಕೂತಾಗಿಂದ ಅವನು ಮನೆಯಲ್ಲೇ ಬಿದ್ದುಕೊಂಡು ನನ್ನ ಪ್ರಾಣ ತಿಂತಿದಾನೆ," ಎಂದರು. ಅಂದವರು ಅಲ್ಲೇ ನಿಂತರು. ಅವಳ ಮುಖ ನೋಡಿದರು, ಕೈಯಲ್ಲಿದ್ದ ಬಿಲ್ಲೆ ನೋಡಿದರು, ಮತ್ತೆ ಅವಳ ಮುಖ ನೋಡಿದರು. ಆಮೇಲೆ ಇಡೀ ಓಣಿಗೆ ಕೇಳುವ ಹಾಗೆ ನಕ್ಕರು.

"ಅರೆ ರಾಮ! ಹಾಗಾದರೆ ಮಘಾ ನಕ್ಷತ್ರ ಮಿಲ್ಲಿನ ಶೇಠನ ಜೇಬಿನಲ್ಲಿದೆಯೇನು!"

ಆ ಮಾತು ಒಂದೇ ದಿನದಲ್ಲಿ ಪೋಳಿನ ಎಲ್ಲ ಮನೆಗಳನ್ನೂ ಮುಟ್ಟಿತು. ಹುಬ್ಬೆಯ ಮಳೆಗೆ ಮಿಲ್ಲು ಮತ್ತೆ ಶುರುವಾಯಿತು, ಹತ್ತಿ ಮತ್ತೆ ಕಪ್ಪಾಯಿತು. ಆಗಂತೂ ಯಾರಿಗೂ ಏನೂ ವಿವರಿಸಬೇಕಾಗಿರಲಿಲ್ಲ.

ವೈದೇಹಿ ಒಂದು ಬಿಳಿ ಹಾಸುಬಟ್ಟೆಯ ಮೇಲೆ ಪೋಳಿನ ಚಿತ್ರ ಬರೆದು, ಮನೆಗೊಂದು ಸಾಲಿನಂತೆ ಬಿಲ್ಲೆಗಳನ್ನು ಸೂಜಿಯಿಂದ ಚುಚ್ಚಿದಳು. ಎಲ್ಲಕ್ಕಿಂತ ಕೆಳಗೆ ಉದ್ದಕ್ಕೂ ಒಂದು ಕೆಂಪು ಪಟ್ಟಿ ಹೊಲಿದಳು. ಅದರ ಮೇಲೆ, ಆಯಾ ನಕ್ಷತ್ರದ ನೇರಕ್ಕೆ, ಮಿಲ್ಲು ನಡೆಯುತ್ತಿತ್ತು, ಮಿಲ್ಲು ನಡೆಯುತ್ತಿತ್ತು, ಮಿಲ್ಲು ನಡೆಯುತ್ತಿತ್ತು, ಮಿಲ್ಲು ನಿಂತಿತ್ತು, ಮಿಲ್ಲು ನಡೆಯುತ್ತಿತ್ತು ಎಂದು ಗುಜರಾತಿಯಲ್ಲಿ ಬರೆದಳು. ಅಕ್ಷರ ಚೆನ್ನಾಗಿಲ್ಲ ಎಂದು ಎರಡು ಸಲ ಬಿಚ್ಚಿ ಹೊಲಿದಳು. ಗಿರಿಜಕ್ಕ ಒಂದೊಂದೇ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಆಮೇಲೆ ವೈದೇಹಿಯ ಕೆನ್ನೆ ಹಿಂಡಿ, "ನಾ ಹತ್ತು ವರ್ಷ ಬಾಯಿ ಬಡಕೊಂಡದ್ದನ್ನ ನೀ ಒಂದು ಹಾಸುಬಟ್ಟಿ ಮ್ಯಾಲೆ ಬರದೀಯಲ್ಲೇ," ಎಂದಳು. ಅವಳ ಕಣ್ಣು ತೇವವಾಗಿದ್ದು ವೈದೇಹಿಗೆ ನೆನಪಿದೆ. ಅದು ನಾಟಕವಾಗಿರಲಿಲ್ಲ. ಅದಕ್ಕೇ ಮುಂದಿನದನ್ನು ನಂಬುವುದು ಅವಳಿಗೆ ಅಷ್ಟು ಕಷ್ಟವಾಯಿತು.

ಪ್ರದರ್ಶನ ಡಿಸೆಂಬರಿನಲ್ಲಿ, ಒಂದು ಶಾಲೆಯ ಸಭಾಂಗಣದಲ್ಲಿ ಏರ್ಪಾಡಾಗಿತ್ತು. ಇಲ್ಲಿ ಮುಗಿದ ಮೇಲೆ ಬರೋಡಾಕ್ಕೆ, ಅಲ್ಲಿಂದ ಸೂರತ್ತಿಗೆ ಹೋಗುವುದೆಂದಿತ್ತು. ಹಿಂದಿನ ದಿನ ಮಧ್ಯಾಹ್ನ ವೈದೇಹಿ ಬಿಲ್ಲೆಗಳು ಸರಿಯಾಗಿವೆಯೇ ನೋಡೋಣವೆಂದು ಹೋದಳು. ಹಾಸುಬಟ್ಟೆ ಎದುರಿನ ಗೋಡೆಯ ಮೇಲೆ, ಒಳಗೆ ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿತ್ತು. ಮೇಲೆ ಬಣ್ಣದ ಕಾಗದದಲ್ಲಿ ಕತ್ತರಿಸಿದ ದೊಡ್ಡ ಅಕ್ಷರ: ನಮ್ಮ ಹಿರಿಯರ ಜಾಣ್ಮೆ, ಮಘಾದ ನೀರು. ಮಘೆಯ ಬಿಲ್ಲೆಗಳ ಸುತ್ತ ಚೆಂಡುಹೂವಿನ ಮಾಲೆ. ಕೆಂಪು ಪಟ್ಟಿ ಇರಲಿಲ್ಲ.

ಅವಳು ಹತ್ತಿರ ಹೋಗಿ ಅಂಚನ್ನು ಮುಟ್ಟಿ ನೋಡಿದಳು. ಹೊಲಿಗೆ ಬಿಚ್ಚಿದ ತೂತುಗಳು ಸಾಲಾಗಿ ಇದ್ದವು. ಕಿತ್ತದ್ದಲ್ಲ, ಸಮಾಧಾನವಾಗಿ ಕೂತು, ಬಟ್ಟೆ ಹರಿಯದ ಹಾಗೆ ಬಿಚ್ಚಿದ್ದು.

ಗಿರಿಜಕ್ಕ ಹಿಂದಿನ ಕೋಣೆಯಲ್ಲಿ ಕುರ್ಚಿಗಳಿಗೆ ನಂಬರು ಅಂಟಿಸುತ್ತಿದ್ದಳು. ವೈದೇಹಿಯನ್ನು ನೋಡಿ ಅಂಟಿನ ಬಟ್ಟಲು ಕೆಳಗಿಟ್ಟಳು.

"ಕೂಡು," ಎಂದಳು.

"ಪಟ್ಟಿ ತೆಗೆದಿದ್ದು ಯಾರಕ್ಕ?"

"ನಾನಽ."

ಬೇರೆ ಯಾರದಾದರೂ ಹೆಸರು ಬರುತ್ತದೆಂದು ವೈದೇಹಿ ಕಾದಿದ್ದಳು. ಬೈಯಲು ಸಿದ್ಧವಾಗಿಟ್ಟುಕೊಂಡಿದ್ದ ಮಾತುಗಳು ಇವಳಿಗಾಗಿ ಇರಲಿಲ್ಲ.

"ನಾಳಿನ ಮುಖ್ಯ ಅತಿಥಿ ಯಾರು ಗೊತ್ತದ ಏನು? ಆ ಮಿಲ್ಲಿನ ಶೇಠರು. ಮಂಡಳಿಗೆ ಜಾಗಾ ಕೊಡ್ತೀನಿ ಅಂದಾರ, ಕಟ್ಟಡ ಕಟ್ಟಿಸಿ ಕೊಡ್ತೀನಿ ಅಂದಾರ. ಮಕ್ಕಳಿಗೆ ಪ್ರಯೋಗದ ಟೇಬಲ್ಲು, ದುರ್ಬೀನು, ಎಲ್ಲಾ. ನಾಳೆ ವೇದಿಕಿ ಮ್ಯಾಲೆ ಹೇಳೋರಿದ್ದಾರ. ಆ ಪಟ್ಟಿ ಮುಂದ ನಿಂದ್ರಿಸಿ ಅವರ ಬಾಯಿಂದ ನಾ ಹೆಂಗ ಹೇಳಸಲಿ?"

"ಮತ್ತೆ ಸಮಿತಿಯವರು? ಅವರು ನೋಡೋಕೆ ಬರೋದೇ ಅದಕ್ಕಲ್ವಾ?"

"ಸಮಿತಿ ಇವತ್ತಽ ಮುಗಿದು ಹೋಗೂದಿಲ್ಲ. ಮುಂದಿನ ವರ್ಷ ನಮ್ಮದಽ ಕಟ್ಟಡದಾಗ, ನಮ್ಮದಽ ಗ್ವಾಡಿ ಮ್ಯಾಲೆ ನಿನ್ನ ಪಟ್ಟಿ ಹಾಕೋಣು. ಯಾರು ಬ್ಯಾಡ ಅಂತಾರ?"

"ಅವರ ಗೋಡೆ ಮೇಲೆ."

ಗಿರಿಜಕ್ಕ ಒಂದು ಕುರ್ಚಿಯ ನಂಬರನ್ನು ಹೆಬ್ಬೆರಳಿನಿಂದ ಒತ್ತಿದಳು.

"ಪಟ್ಟಿ ತೆಗೆದರೆ ಅದು ಸುಳ್ಳಾಗುತ್ತೆ ಅಕ್ಕ. ಬರೀ ತೆಗೆದಿದ್ರೂ ಆಗ್ತಿತ್ತು. ಮೇಲೆ ಹೂವು ಬೇರೆ ಹಾಕಿದ್ದೀರಿ. ಮಘೆ ನೀರು ಚೊಕ್ಕಟ ಅಂತ ವಿಜ್ಞಾನದವರೇ ಹೇಳಿದ್ರು ಅಂತಾಗುತ್ತೆ. ಮುಂದಿನ ವರ್ಷ ಮಘೆಗೆ ಮಿಲ್ಲು ನಡೀತಿರುತ್ತೆ. ಅದೇ ಮಸಿ ಇಳಿಸ್ಕೊಂಡು ವರ್ಷ ಪೂರ್ತಿ ಕುಡೀತಾರೆ."

"ಆ ಹಾಸುಬಟ್ಟಿ ಮ್ಯಾಲೆ ಇರೋ ಒಂದು ಬಿಲ್ಲೆನೂ ಸುಳ್ಳಲ್ಲ. ನಾ ಒಂದೂ ಬದಲಿ ಮಾಡಿಲ್ಲ."

"ಹೊಲಿಗೆ ಬಿಚ್ಚಿದ್ದು ನೀವೇನಾ? ನಿಮ್ಮ ಕೈಯಿಂದಲೇ?"

"ಬ್ಯಾರೆಯವರ ಕೈಯಾಗ ಕೊಟ್ಟರ ಹರೀತಿತ್ತು," ಎಂದಳು ಗಿರಿಜಕ್ಕ, ತಾನು ಮಾಡಿದ ಉಪಕಾರದ ಬಗ್ಗೆ ಹೇಳುವವಳ ಹಾಗೆ. ಆಮೇಲೆ ದನಿ ತಗ್ಗಿಸಿದಳು. "ನಿನಗ ಗಂಡ ಅದಾನ, ಮನಿ ಅದ. ಇದು ಇರಲಿಕ್ಕಂದ್ರೂ ನಡೀತದ. ನನಗ ಈ ಎರಡು ಖೋಲಿ ಬಿಟ್ಟರ ಏನದ ಹೇಳು? ಹದಿನಾಲ್ಕು ವರ್ಷ ಆತು, ಮಳಿ ಬಂದರ ಮಕ್ಕಳು ಛತ್ರಿ ಹಿಡಕೊಂಡು ಕೂಡತಾವ."

ವೈದೇಹಿಗೆ ಅವಳ ಮೇಲೆ ಅಯ್ಯೋ ಎನ್ನಿಸಿತು. ಅಯ್ಯೋ ಎನ್ನಿಸಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಭಾನುವಾರಗಳಲ್ಲಿ ತಾನು ಹೇಳಿಕೊಂಡ ತನ್ನ ಖಾಲಿತನದ ಮಾತುಗಳನ್ನೆಲ್ಲ ಇವಳು ಹೀಗೆ ತೂಗಿ ಇಟ್ಟುಕೊಂಡಿದ್ದಳೇ? ಗಂಡನಿದ್ದಾನೆ, ಮನೆಯಿದೆ, ನಡೆಯುತ್ತದೆ ಎಂದು?

"ನಾಳೆ ನಾನು ಮಾತಾಡ್ಬೇಕು ಅಂತ ಇದೆಯಲ್ಲ," ಎಂದಳು. "ನಾನು ಹೇಳ್ತೀನಿ."

"ಹೇಳು," ಎಂದಳು ಗಿರಿಜಕ್ಕ. "ನಿನ್ನ ಬಾಯಿಗೆ ನಾ ಹೊಲಿಗಿ ಹಾಕೂದಿಲ್ಲ."

ಮರುದಿನ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಸಮಿತಿಯವರು, ಮಿಲ್ಲಿನ ಮ್ಯಾನೇಜರು. ನಡುವೆ ಪೋಳಿನ ಹೆಂಗಸರು, ಪೆಟ್ಟಿಗೆಯ ಸೀರೆ ಉಟ್ಟು, ಕುರ್ಚಿಯ ತುದಿಯಲ್ಲಿ ಕೂತಿದ್ದರು. ಹಿಂದೆ ಗಂಡಸರ ನಡುವೆ ಪಟ್ಟಾಭಿರಾಮ ಕೈ ಎತ್ತಿ ತಾನಿರುವುದನ್ನು ತೋರಿಸಿದ. ವೇದಿಕೆಯ ಮೇಲೆ ಶೇಠರು ಬಿಳಿಯ ಖಾದಿಯಲ್ಲಿ ಸಣ್ಣಗೆ, ಸೌಮ್ಯವಾಗಿ ಕೂತಿದ್ದರು. ವೈದೇಹಿ ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದ ಯಾವ ಮುಖವೂ ಅವರದಾಗಿರಲಿಲ್ಲ.

ಮೊದಲು ಚಂಚಲಬಾ ಅವರಿಗೆ ಶಾಲು ಹೊದಿಸಿದರು. ಇದು ವೈದೇಹಿಗೆ ಗೊತ್ತಿರಲಿಲ್ಲ. ಗಿರಿಜಕ್ಕ ಮೈಕು ಅವರ ಎತ್ತರಕ್ಕೆ ತಗ್ಗಿಸಿ, "ಬಾ, ನೀವೇ ಹೇಳಿ. ಮಘಾದ ನೀರು ಹೇಗೆ?" ಎಂದಳು, ಆ ಊರಿನವರೂ ತಲೆದೂಗುವಂಥ ತನ್ನ ಗುಜರಾತಿಯಲ್ಲಿ.

ವೈದೇಹಿಯ ಎದೆ ಹಗುರವಾಯಿತು. ಚಂಚಲಬಾ ಬಾಯಿ ಬಿಟ್ಟರೆ ಸಾಕು. ಇಡೀ ಪೋಳ್ ನಗುತ್ತ ಹೇಳಿಕೊಂಡ ಆ ಮಾತು ಅವರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಶೇಠನ ಎದುರಿಗೇ ಅಂದುಬಿಡುವ ಹೆಂಗಸು ಅವರು.

ಚಂಚಲಬಾ ಶಾಲಿನ ಅಂಚನ್ನು ಹಿಡಿದುಕೊಂಡರು. "ಮಘಾದ ನೀರು ಅಂದರೆ ಗಂಗೆಯ ನೀರು," ಎಂದರು. "ನಮ್ಮ ಅಜ್ಜಿ ಹೇಳಿದ್ದರು, ನಮ್ಮ ತಾಯಿ ಹೇಳಿದ್ದರು. ಈ ವೈದೇಹಿಬೆನ್ ಓದಿದವರು. ಅವರು ಹತ್ತಿ ಇಟ್ಟು ತೋರಿಸಿಕೊಟ್ಟರು."

ಚಪ್ಪಾಳೆಯಾಯಿತು. ಚಂಚಲಬಾ ಇಳಿದು ಬರುವಾಗ ವೈದೇಹಿಯ ಕಡೆ ನೋಡಲಿಲ್ಲ. ಮುಂದಿನ ಸಾಲಿನಲ್ಲಿ ಮ್ಯಾನೇಜರು ಎದ್ದು ಅವರಿಗೆ ಕೈಮುಗಿದು ದಾರಿ ಬಿಟ್ಟ. ಅವರೂ ಅವನಿಗೆ ಬಗ್ಗಿ ನಮಸ್ಕಾರ ಮಾಡಿದರು, ಪೋಳಿನಲ್ಲಿ ಯಾರಿಗೂ ಬಗ್ಗದವರು. ಆಗ ವೈದೇಹಿಗೆ ಮಿಲ್ಲಿನಲ್ಲಿ ದುಡಿಯುವ ಅವರ ಮಗನ ನೆನಪಾಯಿತು. ಗಿರಿಜಕ್ಕ ತನಗೆ ತಿಳಿಯದ ಹಾಗೆ ಮುಂಚೆಯೇ ಪೋಳಿಗೆ ಹೋಗಿ ಬಂದಿದ್ದಾಳೆ ಎಂಬುದೂ ಆಗಲೇ ಗೊತ್ತಾಯಿತು. ತಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ, ತನ್ನದೇ ಮನೆಯ ಕೆಳಗೆ, ಆ ಹಿತ್ತಾಳೆ ಮುಚ್ಚಳದ ಪಕ್ಕ ಕೂತು ಇಬ್ಬರೂ ಮಾತಾಡಿರಬೇಕು.

ಅವಳ ಹೆಸರು ಕರೆದರು.

ಮೈಕಿನ ಮುಂದೆ ಅವಳ ಗುಜರಾತಿ ಇನ್ನಷ್ಟು ಒರಟಾಯಿತು. ಸಿದ್ಧ ಮಾಡಿಕೊಂಡದ್ದೆಲ್ಲ ಹೋಯಿತು. ಒಂದೇ ವಾಕ್ಯವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಹತ್ತಿ ಬೆಳ್ಳಗಿರೋದು ಮಘಾದಿಂದ ಅಲ್ಲ," ಎಂದಳು. "ಆ ಮಳೆ ಬಂದಾಗ ಮಿಲ್ಲು ನಿಂತಿತ್ತು. ಬಾಯ್ಲರ್ ರಿಪೇರಿ ಇತ್ತು. ಮಿಲ್ಲು ನಡೆದರೆ ಮಘಾದ ನೀರೂ ಕಪ್ಪಾಗುತ್ತೆ."

ಸಮಿತಿಯ ಒಬ್ಬರು ಕನ್ನಡಕ ಸರಿಪಡಿಸಿಕೊಂಡು ಹಾಸುಬಟ್ಟೆಯ ಕಡೆ ತಿರುಗಿದರು. ಕೇಳಿಸಿತು, ಇವರಿಗೆ ಕೇಳಿಸಿತು ಎಂದುಕೊಂಡಳು ವೈದೇಹಿ. ಇನ್ನೊಂದು ಮಾತಿಗೆ ಬಾಯಿ ತೆರೆದಳು.

ಅಷ್ಟರಲ್ಲಿ ಗಿರಿಜಕ್ಕ ನಗುತ್ತ ಅವಳ ಹೆಗಲ ಮೇಲೆ ಕೈಯಿಟ್ಟು ಮೈಕಿಗೆ ಬಗ್ಗಿದಳು. "ನೋಡಿದಿರಾ! ನಮ್ಮ ಶೇಠ್ ಸಾಹೇಬರ ಬಾಯ್ಲರಿಗೂ ಪಂಚಾಂಗ ಗೊತ್ತು. ಮಘಾ ಕೂತ ಕೂಡಲೇ ಕೈಮುಗಿದು ರಜೆ ತಗೊಳ್ಳುತ್ತೆ!"

ನಗು ಮುಂದಿನ ಸಾಲಿನಿಂದ ಎದ್ದು ಹಿಂದಿನವರೆಗೂ ಹೋಯಿತು. ಶೇಠರು ತಲೆ ಹಿಂದಕ್ಕೆ ಎಸೆದು ನಕ್ಕರು. ಮ್ಯಾನೇಜರು ತೊಡೆ ತಟ್ಟಿಕೊಂಡ. ಕನ್ನಡಕದವರೂ ನಕ್ಕು, ಹಾಸುಬಟ್ಟೆಯಿಂದ ಮುಖ ತಿರುಗಿಸಿಕೊಂಡರು. ಪೋಳಿನ ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಎಲ್ಲರ ತಲೆಗಳ ಆಚೆ, ಪಟ್ಟಾಭಿರಾಮನೂ ನಗುತ್ತಿರುವುದು ವೈದೇಹಿಗೆ ಕಾಣಿಸಿತು. ಬಾಯಿ ತುಂಬ, ಪಕ್ಕದವನ ಭುಜಕ್ಕೆ ಒರಗಿ ನಗುತ್ತಿದ್ದ. ಅವಳು ನೋಡುತ್ತಿದ್ದಾಳೆಂದು ತಿಳಿದಾಗ ನಗು ನಿಲ್ಲಿಸಲು ಪ್ರಯತ್ನಿಸಿದ.

ಅವಳು ಹೇಳಬೇಕಾದ್ದನ್ನು ಹೇಳಿಯಾಗಿತ್ತು. ಹೇಳಲು ಬಿಡಲಿಲ್ಲ ಎನ್ನುವಂತೆಯೂ ಇರಲಿಲ್ಲ. ಮತ್ತೊಮ್ಮೆ ಹೇಳಿದರೆ ನಗೆ ಅರ್ಥವಾಗದ ಪೆದ್ದಿ ಎನ್ನುತ್ತಾರೆ. ಹೆಗಲ ಮೇಲಿನ ಕೈ ಬೆಚ್ಚಗೆ, ಹಗುರವಾಗಿ ಅಲ್ಲೇ ಇತ್ತು. ಅದೇ ಕೈ ಅವಳನ್ನು ಮೆಲ್ಲಗೆ ಕುರ್ಚಿಯ ಕಡೆ ತಿರುಗಿಸಿತು.

ಶೇಠರು ಕಟ್ಟಡ ಕೊಡುವ ಮಾತನ್ನು ಹೇಳಿದರು. ಸಮಿತಿಯ ಅಧ್ಯಕ್ಷರು ಹಿರಿಯರ ಜಾಣ್ಮೆಯನ್ನು ಹೊಗಳಿ, ಟಾಂಕಾ ಇರುವ ಮನೆಗಳವರು ಮಘಾದವರೆಗೆ ಕಾಯುವ ಪದ್ಧತಿಯನ್ನು ಬಿಡಬಾರದೆಂದು ಕೇಳಿಕೊಂಡರು. ಚಿಮಣಿ ಎಂಬ ಶಬ್ದ ಯಾರ ಬಾಯಲ್ಲೂ ಬರಲಿಲ್ಲ.

ಜನ ಚಹಾಕ್ಕೆ ಎದ್ದಾಗ ವೈದೇಹಿ ನೇರ ಹಾಸುಬಟ್ಟೆಯ ಹತ್ತಿರ ಹೋದಳು. ಪಟ್ಟಾಭಿರಾಮ ಹಿಂದಿನಿಂದ ಬಂದು, "ಬಾರೇ, ಹೋಗೋಣ. ಚೆನ್ನಾಗಿ ಮಾತಾಡ್ದೆ," ಎಂದ.

"ನೀವೂ ನಕ್ಕಿರಿ."

"ಎಲ್ಲರೂ ನಕ್ಕರು ಕಣೇ. ಆ ಯಮ್ಮ ಹೇಳಿದ ರೀತಿ ಹಾಗಿತ್ತು. ನಿನ್ನ ಮೇಲೆ ಅಲ್ಲ."

"ನಿಮಗೆ ಗೊತ್ತಿತ್ತು. ಪಂಚೆ ಬೆಳ್ಳಗಾಗಿದ್ದು ನಿಮಗೇ ಮೊದಲು ಗೊತ್ತಾಗಿದ್ದು."

ಅವಳು ಅವನಿಂದ ಮುಖ ತಿರುಗಿಸಿ, ಚೆಂಡುಹೂವಿನ ಮಾಲೆಯನ್ನು ಪಕ್ಕಕ್ಕೆ ಸರಿಸಿ, ಕೊನೆಯ ಮನೆಯ ಸಾಲಿನಲ್ಲಿದ್ದ ಮಘೆಯ ಬಿಲ್ಲೆಯ ಸೂಜಿ ಕಿತ್ತಳು. ಕಾರಣ ಹೇಳದೆ ಅದು ಅಲ್ಲಿರುವುದನ್ನು ಅವಳಿಂದ ಸಹಿಸಲಾಗಲಿಲ್ಲ. ಎಲ್ಲ ಮನೆಗಳದನ್ನೂ ಕೀಳಬೇಕೆಂದಿದ್ದಳು. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಗಿರಿಜಕ್ಕ ಬಂದಳು.

"ವೈದೇಹಿ, ಬ್ಯಾಡ. ಮಂದಿ ನೋಡಲಿಕ್ಕೆ ಹತ್ಯಾರ."

"ನೋಡ್ಲಿ."

"ಹೇಳಬೇಕಾದ್ದನ್ನ ಹೇಳಿದ್ಯಲ್ಲ. ನಾ ತಡದೆನೇನು? ಇನ್ನೇನು ಬೇಕು ನಿನಗ?"

"ನೀವು ತಡೆದಿದ್ರೆ ಚೆನ್ನಾಗಿತ್ತು ಅಕ್ಕ," ಎಂದಳು ವೈದೇಹಿ. ಅಕ್ಕ ಎಂಬ ಮಾತು ಅಭ್ಯಾಸಬಲದಿಂದ ಬಂದುಬಿಟ್ಟಿತು. ಬಂದದ್ದಕ್ಕೆ ಅವಳಿಗೇ ತನ್ನ ಮೇಲೆ ಹೇಸಿಗೆಯಾಯಿತು.

ಬಾಗಿಲಲ್ಲಿ ಒಂದು ಶಾಲೆಯ ಹುಡುಗಿಯರ ಸಾಲು ಬಂದು ನಿಂತಿತ್ತು. ಗಿರಿಜಕ್ಕ ಒಮ್ಮೆ ಅವರ ಕಡೆ, ಒಮ್ಮೆ ಹಾಸುಬಟ್ಟೆಯ ಮೇಲಿನ ಖಾಲಿ ಜಾಗದ ಕಡೆ ನೋಡಿದಳು. ಆಮೇಲೆ ಮೇಜಿನ ಕೆಳಗಿನ ಪೆಟ್ಟಿಗೆಯಿಂದ ಹತ್ತಿಯ ಸುರುಳಿ ತೆಗೆದು, ಒಂದು ತುಂಡು ಕಿತ್ತು, ಅಂಗೈಯಲ್ಲಿ ತಟ್ಟಿ ದುಂಡಗೆ ಮಾಡಿ, ಅದೇ ಜಾಗದಲ್ಲಿ ಅದೇ ಸೂಜಿಯಿಂದ ಚುಚ್ಚಿದಳು. ಹೂವನ್ನು ಸರಿಪಡಿಸಿದಳು. ಮಾಡುವಾಗ ಅವಳು ವೈದೇಹಿಯ ಕಡೆ ಮಾತ್ರ ನೋಡಲಿಲ್ಲ.

ಹೊಸ ಹತ್ತಿ ಉಳಿದೆಲ್ಲ ಬಿಲ್ಲೆಗಳಿಗಿಂತ ಬೆಳ್ಳಗಿತ್ತು. ವೈದೇಹಿ ತನ್ನ ಕೈಯಲ್ಲಿದ್ದದ್ದನ್ನು ನೋಡಿಕೊಂಡಳು. ನಿಜವಾದ ಮಘೆಯ ಹತ್ತಿಯಲ್ಲಿ, ಒಂದು ಅಂಚಿನಲ್ಲಿ, ತೆಳ್ಳಗೆ ಬೂದಿ ಬಣ್ಣವಿತ್ತು. ಬೇರೆ ಯಾವುದೋ ಒಲೆಯ ಹೊಗೆಯೋ, ದೂರದ ಇನ್ನೊಂದು ಮಿಲ್ಲಿನದೋ.

"ಬನ್ನಿ ಬನ್ನಿ, ಹತ್ತಿರ ಬನ್ನಿ," ಎಂದಳು ಗಿರಿಜಕ್ಕ ಹುಡುಗಿಯರಿಗೆ. "ನಿಮ್ಮಲ್ಲಿ ಯಾರ ಮನೆಯಲ್ಲಿ ಟಾಂಕಾ ಇದೆ? ಕೈ ಎತ್ತಿ ನೋಡೋಣ!"

ಕೈಗಳು ಮೇಲೆದ್ದವು. ವೈದೇಹಿಯ ಪಕ್ಕದಲ್ಲಿ ಯಾರೋ ನಿಂತ ಹಾಗಾಯಿತು. ಚಂಚಲಬಾ. ಹೊಸ ಶಾಲು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಅವರ ಕಣ್ಣು ಕೊನೆಯ ಸಾಲಿನ ಮೇಲಿತ್ತು. ಅದು ಅವರ ಮನೆಯ ಸಾಲು.

"ಅದು ನನ್ನ ಹತ್ತಿಯಲ್ಲ," ಎಂದರು ಮೆಲ್ಲಗೆ. "ಅದು ಒಂದು ಹನಿ ಮಳೆಯನ್ನೂ ಕಂಡಿಲ್ಲ."

"ಜೋರಾಗಿ ಹೇಳಿ ಬಾ."

ಚಂಚಲಬಾ ಹುಡುಗಿಯರನ್ನು ನೋಡಿದರು, ಚಹಾ ಕುಡಿಯುತ್ತ ನಿಂತಿದ್ದ ಮ್ಯಾನೇಜರನನ್ನು ನೋಡಿದರು.

"ನಾಳೆ ನನ್ನ ಮಗನಿಗೆ ಮೊದಲ ಪಾಳಿ, ದೀಕರೀ," ಎಂದರು.

ಅವರು ಹಾಗೆಂದು ಅಲ್ಲಿಂದ ಹೋಗಲಿಲ್ಲ. ವೈದೇಹಿಯೂ ಹೋಗಲಿಲ್ಲ. ಇಬ್ಬರೂ ಹುಡುಗಿಯರ ಹಿಂದೆ ನಿಂತು, ಗಿರಿಜಕ್ಕ ಆ ಬಿಳಿಯ ಹತ್ತಿಯನ್ನು ಬೆರಳಿನಿಂದ ತೋರಿಸುತ್ತ ಎಲ್ಲರನ್ನೂ ನಗಿಸುವುದನ್ನು ಕೊನೆಯವರೆಗೂ ಕೇಳಿದರು.